ಸಾಂಕ್ರಾಮಿಕದ ಹೊತ್ತಿನಲ್ಲಿ ಕಲಾವಿದರಿಗೆ ಹಣ: ಮಂಜೂರಾತಿಯಿಂದ ಖಾತೆಯವರೆಗೆ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಯಕ್ಷಗಾನ ಮೇಳಗಳ ತಿರುಗಾಟ ಅರ್ಧಕ್ಕೇ ನಿಂತಿತು. ಜಾತ್ರೆಗಳಿಲ್ಲ, ಕಂಪನಿ ನಾಟಕಗಳಿಲ್ಲ. ಅದೇ ಹೊತ್ತಿಗೆ ಆರೋಗ್ಯ ಕಾರ್ಯಕರ್ತರಿಗೆ ಜನರ ಮಾತಿನಲ್ಲಿ ತಿಳಿಹೇಳುವವರು ಬೇಕಾಗಿದ್ದರು. ಇಂಥ ಇಬ್ಬರನ್ನು ಕೂಡಿಸುವ ಯೋಜನೆಗಳಿಗೆ ಹಣ ಹೊಂದಿಸುವುದು ನಮ್ಮ ಕೆಲಸ. ಹಣ ಮಂಜೂರಾದ ಮೇಲೆ ಅದು ಕಲಾವಿದರ ಕೈ ಸೇರುವ ತನಕದ ಹಾದಿಯಲ್ಲೇ ಹೆಚ್ಚಿನ ತೊಡಕು ಇರುವುದು.

ಮೊದಲು ಪರಿಹಾರವನ್ನೂ ಸಂಭಾವನೆಯನ್ನೂ ಬೇರೆಯಾಗಿಡಿ. 2021ರಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿತು. ಅದು ಪರಿಹಾರ, ಅದಕ್ಕೆ ಪ್ರತಿಯಾಗಿ ಯಾರೂ ಕುಣಿಯಬೇಕಿಲ್ಲ. ‘ನೆರವೂ ಆಯಿತು, ಜಾಗೃತಿಯೂ ಆಯಿತು’ ಎಂದು ಎರಡನ್ನೂ ಒಂದೇ ಬಾಬ್ತಿನಲ್ಲಿ ಬರೆದರೆ ಕೂಲಿ ಇಳಿಯುತ್ತದೆ, ಬೇಡವೆನ್ನುವ ಹಕ್ಕೂ ಹೋಗುತ್ತದೆ.

ಬಜೆಟ್‌ನಲ್ಲಿ ಸಾಮಾನ್ಯವಾಗಿ ಕಾಣೆಯಾಗುವುದು ತಾಲೀಮಿನ ದಿನಗಳು. ಐವರ ತಂಡ ಹತ್ತು ಊರುಗಳಲ್ಲಿ ಬೀದಿ ನಾಟಕ ಆಡುತ್ತದೆ ಎನ್ನಿ. ಆಶಾ ಕಾರ್ಯಕರ್ತೆಯರ ಜೊತೆ ಕೂತು ಸಂಭಾಷಣೆ ಕಟ್ಟಲು ಎರಡು ದಿನ, ತಾಲೀಮಿಗೆ ಮೂರು, ಪ್ರದರ್ಶನಕ್ಕೆ ಹತ್ತು. ಐವರಿಗೆ ಒಟ್ಟು 75 ಆಳುದಿನ (ಒಬ್ಬರ ಒಂದು ದಿನದ ಕೆಲಸ ಒಂದು ಆಳುದಿನ) ಆಯಿತು, 50 ಅಲ್ಲ. ಜೊತೆಗೆ ಕೂರುವ ಕಾರ್ಯಕರ್ತೆಯರ ದಿನಗಳಿಗೂ ಗೌರವಧನ ಬರೆಯಿರಿ. ತಂಡದಲ್ಲಿ ಯಾರಿಗಾದರೂ ಸೋಂಕು ತಗುಲಿದರೆ ಪ್ರತ್ಯೇಕವಾಗಿರುವ ಏಳು ದಿನಗಳ ಸಂಭಾವನೆಯನ್ನೂ ಸೇರಿಸಿ. ಅದಿಲ್ಲದಿದ್ದರೆ ಜ್ವರ ಮುಚ್ಚಿಟ್ಟುಕೊಂಡು ಆಟಕ್ಕೆ ಬರುತ್ತಾರೆ. ಹಸಿವಿದ್ದವರನ್ನು ಅದಕ್ಕಾಗಿ ದೂರಲಾಗದು. ಕಂತುಗಳನ್ನು ಒಪ್ಪಂದದ ದಿನ ಶೇ 40, ಐದನೇ ಪ್ರದರ್ಶನದ ಬಳಿಕ ಶೇ 40, ಮುಗಿದ ವಾರದೊಳಗೆ ಉಳಿದದ್ದು ಎಂದು ಇಡುವುದು ಒಳ್ಳೆಯದು. ಕೊನೆಯ ಕಂತನ್ನು ಬರಹದ ವರದಿಗೆ ಕಟ್ಟಿಹಾಕಬೇಡಿ, ಮೊಬೈಲ್ ಫೋಟೊ ಮತ್ತು ಧ್ವನಿಮುದ್ರಿತ ವಿವರಣೆ ಸಾಕು.

ಹಣ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ನಿಯಮ ಬದಲಾಗುತ್ತದೆ. ಕೋವಿಡ್ ಕೆಲಸಕ್ಕೆ ಮಾಡಿದ ವೆಚ್ಚ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಖರ್ಚು) ಅಡಿ ಬರುತ್ತದೆಂದು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2020ರ ಮಾರ್ಚ್ 23ರಂದೇ ಸುತ್ತೋಲೆ ಹೊರಡಿಸಿತ್ತು. ವಿದೇಶಿ ದೇಣಿಗೆಯ ದಾರಿ ಮಾತ್ರ ಅದೇ ವರ್ಷ ಸೆಪ್ಟೆಂಬರ್‌ನ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿಯಿಂದ ಕಿರಿದಾಯಿತು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಯಿಂದ ಸಣ್ಣ ಕಲಾತಂಡಗಳಿಗೆ ಅನುದಾನ ಹರಿಯುವ ಹಳೆಯ ಕ್ರಮ ಇದರಿಂದ ನಿಂತುಹೋಯಿತು. ಇನ್ನೊಂದು ಎಚ್ಚರ: ನೋಂದಾಯಿತ ಪತ್ರಿಕೆಯ ವ್ಯಂಗ್ಯಚಿತ್ರಕಾರರು ವಿದೇಶಿ ದೇಣಿಗೆ ಪಡೆಯಲು ಈ ಕಾಯ್ದೆಯಲ್ಲಿ ನಿಷೇಧವಿದೆ. ಪೋಸ್ಟರ್‌ಗೆ ಅವರನ್ನು ಕೇಳುವ ಮೊದಲೇ ಲೆಕ್ಕಪರಿಶೋಧಕರ ಜೊತೆ ಮಾತಾಡಿ.

ಪಾವತಿ ವಾಪಸಾಗಲು ಕಾರಣಗಳು ತೀರಾ ಸಣ್ಣವು. ಎರಡು ವರ್ಷ ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ. ಸಿಂಡಿಕೇಟ್ ಬ್ಯಾಂಕ್ ಕೆನರಾ ಜೊತೆ ವಿಲೀನವಾದ ಮೇಲೆ ಅದರ ಹಳೆಯ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ) 2021ರ ಜುಲೈನಿಂದ ನಡೆಯಲಿಲ್ಲ, ಪಾಸ್‌ಬುಕ್‌ಗಳಲ್ಲಿ ಮಾತ್ರ ಅದೇ ಉಳಿದಿತ್ತು. ಪೂರ್ಣ ಕೆವೈಸಿ (ಗುರುತು, ವಿಳಾಸದ ದಾಖಲೆ) ಇಲ್ಲದ ‘ಸಣ್ಣ ಖಾತೆ’ಗೆ ವರ್ಷಕ್ಕೆ ಒಂದು ಲಕ್ಷ ಜಮೆ, ತಿಂಗಳಿಗೆ 10,000 ಹಿಂತೆಗೆತದ ಮಿತಿಯಿದೆ. ಆದ್ದರಿಂದ ಇಡೀ ತಂಡದ ಹಣವನ್ನು ಮುಖ್ಯಸ್ಥರೊಬ್ಬರ ಖಾತೆಗೆ ಹಾಕಬೇಡಿ. ಅದು ಅವರೊಬ್ಬರ ಆದಾಯವಾಗಿ ಕಾಣುತ್ತದೆ, ಉಳಿದವರು ಅವರ ಮನೆ ಬಾಗಿಲು ಕಾಯಬೇಕಾಗುತ್ತದೆ. ಪ್ರತಿಯೊಬ್ಬರಿಗೂ ಮೊದಲು ಒಂದು ರೂಪಾಯಿ ಕಳಿಸಿ, ಜಮೆಯಾದದ್ದು ಖಚಿತವಾದ ಮೇಲೆ ಮುಂಗಡ ಹಾಕಿ. ನಗದು ಕೊಡುವುದಾದರೆ ಒಬ್ಬರಿಗೆ ದಿನಕ್ಕೆ 10,000 ರೂಪಾಯಿ ದಾಟಬಾರದು, ದಾಟಿದರೆ ಟ್ರಸ್ಟಿನ ತೆರಿಗೆ ಲೆಕ್ಕದಲ್ಲಿ ಆ ಖರ್ಚು ನಿಲ್ಲುವುದಿಲ್ಲ.

ಒಪ್ಪಂದ ಒಂದು ಪುಟ ಇದ್ದರೆ ಸಾಕು. ಆರೋಗ್ಯ ಮಾಹಿತಿಯಲ್ಲಿ ವೈದ್ಯರ ಮಾತೇ ಕೊನೆ, ರಾಗ, ಕುಣಿತ, ಹಾಸ್ಯದಲ್ಲಿ ಕಲಾವಿದರದು. ಧ್ವನಿಮುದ್ರಿತ ಹಾಡನ್ನು ದಾನಿ ಕಂಪನಿ ತನ್ನ ಜಾಹೀರಾತಿಗೆ ಬಳಸುವಂತಿಲ್ಲ ಎಂಬುದನ್ನೂ ಬರೆಸಿ.

ಒಟ್ಟು ಮೊತ್ತದಲ್ಲಿ ಶೇ 10ರಷ್ಟನ್ನು ಹಾಡು, ಸಂಭಾಷಣೆಗಳ ತಿದ್ದುಪಡಿಗೆಂದೇ ತೆಗೆದಿಡಿ. ಕೋವಿಶೀಲ್ಡ್ ಲಸಿಕೆಯ ಎರಡು ಡೋಸುಗಳ ಅಂತರ ಮೊದಲು 4–6 ವಾರ ಇತ್ತು, 2021ರ ಮಾರ್ಚ್‌ನಲ್ಲಿ 6–8 ಆಯಿತು, ಮೇನಲ್ಲಿ 12–16ಕ್ಕೆ ಹೋಯಿತು. ಪಲ್ಲವಿಯಲ್ಲೇ ವಾರದ ಲೆಕ್ಕ ಕೂರಿಸಿದ ಹಾಡನ್ನು ಪೂರ್ತಿ ಮತ್ತೆ ಧ್ವನಿಮುದ್ರಿಸಬೇಕಾಗುತ್ತದೆ. ಇಂಥ ಅಂಕಿಗಳನ್ನು ಹಾಡಿನ ನಡುವಿನ ಮಾತಿಗೆ ಬಿಡಿ, ಆ ತುಣುಕಷ್ಟೇ ಬದಲಿಸಿ ಮರುದಿನವೇ ಊರಿಗೆ ಕಳಿಸಬಹುದು.