ಜರ್ಮನಿಯ ಬೇಸಿಗೆ ಮಾತು: ನರ್ಸಿಂಗ್ ಕೆಲಸಕ್ಕೆ ಬರೋರಿಗೆ

ಜರ್ಮನಿಗೆ ನರ್ಸಿಂಗ್ ಕೆಲಸಕ್ಕೆ ಅಂತ ಜರ್ಮನ್ ಭಾಷೆಯ ಬಿ2 ಹಂತ ಓದೋ ನಮ್ಮ ಕಡೆ ಹುಡುಗ ಹುಡುಗೀರು ಹವಾಮಾನದ ಪಾಠನ ಹಾರಿಸಿಬಿಡ್ತಾರೆ, ಅದು ಎ1, ಅಂದ್ರೆ ಮೊದಲನೇ ಹಂತದ ಪಾಠ ತಾನೇ, ಸೂರ್ಯ ಮೋಡ ಮಳೆ ಚಿತ್ರ ನೋಡಿ ಹೆಸರು ಹೇಳೋದು ಅಂತ. ನಾನು ಕೆಲ್ಸ ಮಾಡೋದು ರೈನ್ ನದಿ ಕಡೆ ಒಂದು ಆಲ್ಟೆನ್‌ಹೈಮ್‌ನಲ್ಲಿ, ವಯಸ್ಸಾದವರನ್ನ ನೋಡ್ಕೊಳ್ಳೋ ಜಾಗ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಆ ಪಾಠನೇ ಅರ್ಧ ಡ್ಯೂಟಿ. ಎಂಬತ್ತು ತೊಂಬತ್ತು ದಾಟಿದವ್ರು ಎಷ್ಟೋ ಸಲ ಹುಷಾರಿಲ್ಲ ಅಂತ ನೇರವಾಗಿ ಹೇಳಲ್ಲ, ಹವಾಮಾನನ ಬೈತಾರೆ. ಬೈತಿರೋದು ಬರೀ ಬಿಸಿಲನ್ನೋ ಅಥವಾ ಒಳಗೆ ಏನೋ ಆಗ್ತಿದ್ಯೋ ಅಂತ ನಮಗೆ ತಿಳೀಬೇಕು.

ಜರ್ಮನಿಯಲ್ಲಿ ಎಂಥ ಸೆಕೆ ಮಾರಾಯ್ತಿ ಅಂತ ಊರಿಂದ ಫೋನ್ ಮಾಡಿದವ್ರು ನಗ್ತಾರೆ. 2019ರ ಜುಲೈ 25ಕ್ಕೆ ಇಲ್ಲಿ ನಾನಿರೋ ರಾಜ್ಯದ ಡ್ಯೂಯಿಸ್‌ಬುರ್ಗ್ ಊರಲ್ಲೇ 41.2 ಡಿಗ್ರಿ ದಾಖಲಾಗಿದೆ. ಇಲ್ಲಿಯ ಮನೆಗಳು ಚಳಿಗೆ ಅಂತ ಕಟ್ಟಿದ್ದು, ಎಸಿ ಇರೋದು ಅಪರೂಪ, ಹಂಗಾಗಿ ಒಳಗೆ ಸೇರಿದ ಬಿಸಿ ರಾತ್ರಿ ಆದ್ರೂ ಹೊರಗೆ ಹೋಗಲ್ಲ. ರಾತ್ರಿ ಉಷ್ಣಾಂಶ 20ಕ್ಕಿಂತ ಕೆಳಗೆ ಇಳೀದಿದ್ರೆ ಅದಕ್ಕೆ ಟ್ರೋಪೆನ್‌ನಾಖ್ಟ್ ಅಂತ ಬೇರೆ ಹೆಸರೇ ಇದೆ, ಮರುದಿನ ಬೆಳಗ್ಗೆ ಯಾರೂ ಸರಿಯಾಗಿ ನಿದ್ದೆ ಮಾಡಿರಲ್ಲ.

ಹೊಸಬರಿಗೆ ನಾನು ಮೊದಲು ಹೇಳೋದು ಇಷ್ಟೇ, ಸೆಕೆ ಬಗ್ಗೆ ಮಾತಾಡುವಾಗ ಇಂಗ್ಲಿಷ್ ಬಿಟ್ಟು ಕನ್ನಡದಿಂದ ಯೋಚನೆ ಮಾಡಿ. ನಾವು "ನನಗೆ ಸೆಕೆ ಆಗ್ತಿದೆ" ಅಂತೀವಲ್ಲ, ಅವ್ರದ್ದೂ ಹಂಗೇ, "ಮಿರ್ ಇಸ್ಟ್ ಹೈಸ್". ಮಿರ್ ಅಂದ್ರೆ ನನಗೆ. ಇಂಗ್ಲಿಷಲ್ಲಿ ಯೋಚನೆ ಮಾಡಿದವ್ರು "ಇಷ್ ಬಿನ್ ಹೈಸ್" ಅಂದುಬಿಡ್ತಾರೆ, ಅದಕ್ಕೆ ಬೇರೆ ಪೋಲಿ ಅರ್ಥ ಬರುತ್ತೆ. ನಿಮಗೆ ಸೆಕೆ ಆಗ್ತಿದ್ಯಾ ಅಂತ ಕೇಳೋಕೆ "ಇಸ್ಟ್ ಈನೆನ್ ತ್ಸು ವಾರ್ಮ್?", ತಲೆ ಸುತ್ತಿದ್ರೆ "ಮಿರ್ ಇಸ್ಟ್ ಶ್ವಿಂಡೆಲಿಗ್", ವಾಂತಿ ಬರೋ ಹಾಗಿದ್ರೆ "ಮಿರ್ ಇಸ್ಟ್ ಊಬೆಲ್", ಎಲ್ಲದಕ್ಕೂ ನಮ್ಮ ನಾಲ್ಕನೇ ವಿಭಕ್ತಿ ಸಾಕು. ಆದ್ರೆ ಬಾಯಾರಿಕೆಗೆ ಈ ಉಪಾಯ ನಡೆಯಲ್ಲ, ಅಲ್ಲಿ "ಇಷ್ ಹಾಬೆ ಡುರ್ಸ್ಟ್", ನನ್ನ ಹತ್ರ ಬಾಯಾರಿಕೆ ಇದೆ ಅಂತ, ಹಸಿವಿಗೂ ಹಂಗೇ. ಹಾಸನದಿಂದ ಬಂದ ಹುಡುಗಿ ಒಬ್ಳು "ಅಕ್ಕಾ, ಹಸಿವು ಬಾಯಾರಿಕೆ ಮಾತ್ರ ಯಾಕೆ ಬೇರೆ?" ಅಂತ ಕೇಳಿದ್ಲು, ವ್ಯಾಕರಣ ಮಾಡಿದವ್ರನ್ನೇ ಕೇಳ್ಬೇಕು ಅಂದೆ.

ಆ ಡುರ್ಸ್ಟ್ ಪದನೇ ಕೆಲಸದಲ್ಲಿ ಜಾಸ್ತಿ ಕೈ ಕೊಡೋದು. ವಯಸ್ಸಾದಂಗೆ ಬಾಯಾರಿಕೆ ಗೊತ್ತಾಗೋದೇ ಕಮ್ಮಿ ಆಗುತ್ತೆ, ಮೇಲಿಂದ ಎಷ್ಟೋ ಜನ ಮೂತ್ರ ಹೋಗೋ ಮಾತ್ರೆ ಬೇರೆ ತಗೊಳ್ತಿರ್ತಾರೆ. ನೀರು ಬೇಕಾ ಅಂದ್ರೆ "ನೈನ್, ಡಾಂಕೆ", ಬೇಡ ಥ್ಯಾಂಕ್ಸ್ ಅಂತ, ಮುಗೀತು. ಅದಕ್ಕೆ ಬೇಕಾ ಅಂತ ಕೇಳ್ಲೇಬಾರ್ದು, "ವಾಸ್ಸರ್ ಓಡರ್ ಆಪ್ಫೆಲ್‌ಶೋರ್ಲೆ?", ನೀರಾ ಇಲ್ಲ ಸೋಡಾ ಬೆರೆಸಿದ ಸೇಬಿನ ಜ್ಯೂಸಾ ಅಂತ ಗ್ಲಾಸ್ ಕೈಯಲ್ಲಿ ಹಿಡ್ಕೊಂಡೇ ಕೇಳಿ, ಎರಡರಲ್ಲಿ ಒಂದು ಒಳಗೆ ಹೋಗುತ್ತೆ. ಕುಡಿದಿದ್ದನ್ನ ಟ್ರಿಂಕ್‌ಪ್ರೊಟೊಕೊಲ್ ಅನ್ನೋ ಪಟ್ಟಿಯಲ್ಲಿ ಮಿಲಿಲೀಟರ್ ಲೆಕ್ಕದಲ್ಲಿ ಬರೀಬೇಕು, ಕೊಟ್ಟಿದ್ದನ್ನಲ್ಲ, ಕುಡಿದಿದ್ದನ್ನ. ಹಾರ್ಟು ಕಿಡ್ನಿ ತೊಂದ್ರೆ ಇದ್ದವ್ರಿಗೆ ಡಾಕ್ಟರ್ ಹೇಳಿದಷ್ಟೇ.

ಇನ್ನು ಸೆಕೆಯಲ್ಲೇ ಎರಡು ಥರ. ಬಳ್ಳಾರಿ ರಾಯಚೂರಿನವ್ರಿಗೆ ಗೊತ್ತಿರೋ ಒಣ ಬಿಸಿ ಹೈಸ್, ಮಂಗಳೂರು ಉಡುಪಿಯವ್ರಿಗೆ ಗೊತ್ತಿರೋ ಮೈಗೆ ಅಂಟೋ ಸೆಕೆ ಶ್ವ್ಯೂಲ್. ಈ ಶ್ವ್ಯೂಲ್ ಹೇಳುವಾಗ ಬಾಯೊಳಗೆ "ಈ" ಇಟ್ಕೊಂಡು ತುಟಿ ಮಾತ್ರ "ಊ" ಥರ ಮುಂದಕ್ಕೆ ಮಾಡ್ಬೇಕು. ಬರೀ ಶ್ವೂಲ್ ಅಂದ್ರೆ ಸಲಿಂಗಿ ಗಂಡಸು ಅಂತ ಅರ್ಥ, ಕೆಟ್ಟ ಪದ ಏನಲ್ಲ, ಆದ್ರೆ ಇವತ್ತಿನ ಹವಾಮಾನ ಹಂಗಿದೆ ಅಂದ್ರೆ ಊಟದ ಹಾಲ್ ಪೂರ್ತಿ ನಗುತ್ತೆ. ಇಂಥ ದಿನ ಯಾರಾದ್ರೂ "ಮೈನ್ ಕ್ರೈಸ್‌ಲೌಫ್ ಮಾಖ್ಟ್ ನಿಷ್ಟ್ ಮಿಟ್" ಅಂದ್ರೆ ನಿಂತು ಕೇಳಿ. ಕ್ರೈಸ್‌ಲೌಫ್ ಅಂದ್ರೆ ರಕ್ತ ಸಂಚಾರ, ಮಾತಿನ ಅರ್ಥ ಮಾತ್ರ ಕಣ್ಣು ಕತ್ತಲೆ ಬರ್ತಿದೆ, ನಿಲ್ಲೋಕಾಗ್ತಿಲ್ಲ ಅಂತ. ಮಲಗಿಸಿ, ಬಿಪಿ ನೋಡಿ, ಆಮೇಲೆ ಯೂಬರ್‌ಗಾಬೆಯಲ್ಲಿ, ಅದೇ ಶಿಫ್ಟ್ ಬದಲಾಗುವಾಗ ಕೊಡೋ ವರದಿಯಲ್ಲಿ, ಅವ್ರು ಅಂದ ಪದನೇ ಹೇಳಿ.

ಜರ್ಮನ್ ಹವಾಮಾನ ಇಲಾಖೆಯವ್ರು 2005ರಿಂದ ಸೆಕೆಗೆ ಅಂತಲೇ ಎಚ್ಚರಿಕೆ ಕೊಡ್ತಾರೆ, ಯೂರೋಪಲ್ಲಿ 2003ರ ಬೇಸಿಗೆಗೆ ಅಷ್ಟೊಂದು ಜನ ಸತ್ತ ಮೇಲೆ ಶುರುವಾಗಿದ್ದು. ಅದರಲ್ಲಿ ಗೆಫ್ಯೂಲ್ಟೆ ಟೆಂಪರಾಟೂರ್ ಅಂತ ಬರುತ್ತೆ, ಮೈಗೆ ಅನ್ಸೋ ಉಷ್ಣಾಂಶ, ಅದು 32 ದಾಟೋ ಹಾಗಿದ್ರೆ ಒಂದು ಹಂತ, 38 ದಾಟಿದ್ರೆ ಇನ್ನೊಂದು.

ಮಾತು ಬೆಳೆಸೋಕೆ ಅಂದ್ರೆ ಜೂನ್ 27ರ ಜೀಬೆನ್‌ಶ್ಲೇಫರ್ ನೆನಪಿಟ್ಕೊಳ್ಳಿ. ಆವತ್ತು ಹೆಂಗಿರುತ್ತೋ ಮುಂದಿನ ಏಳು ವಾರ ಹಂಗೇ ಅಂತ ಅವ್ರ ಹಳೇ ನಂಬಿಕೆ. ನಮ್ಮಲ್ಲೂ ಮಳೆ ನಕ್ಷತ್ರ ನೋಡಿ ಬೆಳೆ ಹೇಳ್ತಾರೆ, ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತ ಗಾದೆ ಇದೆ ಅಂತ ನಾನು ಹೇಳಿದ್ದಕ್ಕೆ, ಹೊಲದಲ್ಲೇ ಬೆಳೆದ ಅಜ್ಜ ಒಬ್ರು ನಿಮ್ದು ಹೆಚ್ಚು ನಿಜ ಆಗುತ್ತಾ ನಮ್ದಾ ಅಂತ ವಾದಕ್ಕೇ ಕೂತ್ರು, ಆ ಗಲಾಟೆಯಲ್ಲಿ ಎರಡು ಗ್ಲಾಸ್ ಶೋರ್ಲೆ ಖಾಲಿ.

ಒಂದು ಮಾತ್ರ ನನಗೆ ಇನ್ನೂ ಒಗ್ಗಿಲ್ಲ. ರೂಮಲ್ಲಿ ಬೆವರು ಇಳೀತಿರುತ್ತೆ, ಎದುರು ಬದುರು ಕಿಟಕಿ ತೆಗೆದ್ರೆ ಸಾಕು "ಎಸ್ ತ್ಸೀಟ್!" ಅಂತ ಕೂಗ್ತಾರೆ, ಗಾಳಿ ಹೊಡೀತಿದೆ, ಕತ್ತು ಹಿಡ್ಕೊಳ್ಳುತ್ತೆ ಅಂತ. ವಾದ ಮಾಡ್ಬೇಡಿ. ಬೆಳಗ್ಗೆ ಅವ್ರು ತಿಂಡಿಗೆ ಹೋದಾಗ ಎಲ್ಲಾ ಕಿಟಕಿ ತೆಗೆದಿಡಿ, ವಾಪಸ್ ಬರೋ ಮುಂಚೆ ಮುಚ್ಚಿ ರೋಲ್ಲಾಡೆನ್, ಅದೇ ಕಿಟಕಿ ಹೊರಗಿನ ಶಟರ್, ಇಳಿಸಿಬಿಡಿ.