ರಾಟವಾಳ ಯಾವುದು ಅಂತ ಗೊತ್ತಾಗಬೇಕಾ? ಹಾರಲಿ ಬಿಡಿ

ಹಾಸನದ ಕಡೆ ಸಣ್ಣ ಹಕ್ಕಿ ಕಂಡರೆ 'ಗುಬ್ಬಿ' ಅಂದು ಮುಗಿಸಿಬಿಡುತ್ತೇವೆ, ಅಲ್ವಾ? ಅವುಗಳಲ್ಲಿ ಎಷ್ಟೋ ರಾಟವಾಳಗಳು. 10-12 ಸೆಂ.ಮೀ. ಉದ್ದದ ಮೈ, ಅದಕ್ಕೆ ಒಂದು ಮೋಟು ದಪ್ಪ ಕೊಕ್ಕು. ನಮ್ಮಲ್ಲಿ ಸುಲಭವಾಗಿ ಸಿಗುವುದು ಎರಡು: ಚುಕ್ಕೆ ರಾಟವಾಳ, ಬಿಳಿ ಬೆನ್ನಿನ ರಾಟವಾಳ.

ಎಲ್ಲರೂ ಎದೆ ನೋಡಿ ಗುರುತಿಸಿ ಅನ್ನುತ್ತಾರೆ. ಹತ್ತಿರದಿಂದ ಸರಿಯೇ. ಚುಕ್ಕೆ ರಾಟವಾಳದ ಗಂಟಲು ಗಾಢ ಕಂದು, ಅದರ ಕೆಳಗೆ ಬಿಳಿ ಮೈ ಮೇಲೆ ಮೀನಿನ ಪೊರೆಯ ಹಾಗೆ ಸಾಲು ಸಾಲು ಕಂದು ಗೆರೆ. ಇನ್ನೊಂದಕ್ಕೆ ಮುಖ, ಗಂಟಲು, ಎದೆ ಎಲ್ಲ ಕಪ್ಪು ಕಪ್ಪು, ಹೊಟ್ಟೆ ಬೆಳ್ಳಗೆ, ಬಾಲ ಚೂಪು. ಆದರೆ ರಾಗಿ ಹೊಲದಲ್ಲಿ ಇವು ನಿಮಗೆ ಎದೆ ತೋರಿಸಿಕೊಂಡು ಕೂರುತ್ತವಾ? ತೆನೆ ಮಧ್ಯೆ ನುಗ್ಗಿರುತ್ತವೆ, ಕಡ್ಡಿ ಅಲ್ಲಾಡುವುದಷ್ಟೇ ಕಾಣುವುದು. ಸಾಲದ್ದಕ್ಕೆ ಚುಕ್ಕೆ ರಾಟವಾಳದ ಮರಿಗಳಿಗೆ ಚುಕ್ಕೆಯೇ ಇರುವುದಿಲ್ಲ, ಬರೀ ಮಾಸಲು ಕಂದು, ಹೊಸದಾಗಿ ಬೈನಾಕ್ಯುಲರ್ ಹಿಡಿದವರು ಇದ್ಯಾವ ಮೂರನೇ ಜಾತಿ ಅಂತ ಪುಸ್ತಕ ತಿರುವಿಹಾಕುವುದೇ ಆಗ.

ಅದಕ್ಕೆ ನಾನು ಹೇಳುವುದು, ಸುಮ್ನೆ ಕಾಯಿರಿ. ಗುಂಪು ಒಟ್ಟಿಗೆ ಎದ್ದು ಹಾರುವಾಗ ಬಾಲದ ಬುಡ ನೋಡಿ. ಅಲ್ಲಿ ಬಿಳಿ ಪಟ್ಟಿ ಫಕ್ಕನೆ ಕಂಡರೆ ಬಿಳಿ ಬೆನ್ನಿನದು. ಘಟ್ಟದ ಅಂಚಿನಲ್ಲಿ ಕಪ್ಪು ಗಂಟಲಿನ ರಾಟವಾಳವೂ ಇದೆ, ಮುಖ ಕಪ್ಪಗಿರುವುದರಿಂದ ಗೊಂದಲ ಮಾಡುತ್ತದೆ. ಆದರೆ ಅದಕ್ಕೆ ಈ ಬಿಳಿ ಪಟ್ಟಿ ಇಲ್ಲ.

ಜಾಗವೂ ಅರ್ಧ ಉತ್ತರ ಹೇಳುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಬಯಲಲ್ಲಿ, ರಾಗಿ ಮತ್ತು ಹುಲ್ಲು ಇರುವ ಕಡೆ ಚುಕ್ಕೆಯದ್ದೇ ಕಾರುಬಾರು. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದ ಬೇಲಿ, ಕಾಡಂಚಿನ ಗದ್ದೆ ಅಂದರೆ ಬಿಳಿ ಬೆನ್ನಿನದಕ್ಕೆ ಇಷ್ಟ. ಬಯಲು, ಮಲೆನಾಡು ಎರಡೂ ಸೇರುವ ಬೇಲೂರಿನ ಆಸುಪಾಸಿನಲ್ಲಿ ಮಾತ್ರ ಜಾಗ ನಂಬಿ ಹೆಸರು ಹೇಳಬೇಡಿ.

ಉಳಿದ ಸಂಸಾರ ಹೆಚ್ಚುಕಡಿಮೆ ಒಂದೇ ಥರ. ಹುಲ್ಲಿನದೇ ಉಂಡೆಗೂಡು, ಪಕ್ಕದಲ್ಲಿ ಬಾಗಿಲು, ಬಿಳಿ ಮೊಟ್ಟೆ, ಕಾವಿಗೆ ಗಂಡೂ ಕೂರುತ್ತದೆ. ಜಪಾನಿನವರು ತಲೆತಲಾಂತರದಿಂದ ಪಂಜರದಲ್ಲಿ ಸಾಕುವ ಸೊಸೈಟಿ ಫಿಂಚ್ ಕೂಡ ಬಿಳಿ ಬೆನ್ನಿನದರ ಪೂರ್ವ ಏಷ್ಯಾದ ನೆಂಟರಿಂದ ಬಂದದ್ದೇ. ಹಾಗಂತ ನಮ್ಮ ಬೇಲಿಯದನ್ನು ಹಿಡಿಯಲು ಹೋಗಬೇಡಿ, ಕಾಡುಹಕ್ಕಿ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.