ವೀಲ್ ಆಫ್ ಟೈಮ್ ಓದು: ಹನ್ನೆರಡು ಮುಗಿದವು, ಎರಡು ಬಾಕಿ

ನಿನ್ನೆ ರಾತ್ರಿ ಹನ್ನೆರಡನೇ ಸಂಪುಟ ಮುಗಿಸಿದೆ. ಕಳೆದ ಸಲ ಬರೆದಾಗ ಮೂರು ಮುಗಿದಿತ್ತು. ನಡುವೆ ಏನೂ ಬರೆಯಲಿಲ್ಲ, ಬರೆಯೋಕೆ ಕೂತರೆ ಬರೀ ಬೈಗುಳ ಬರ್ತಿತ್ತು. ಕಥೆಯ ಗುಟ್ಟುಗಳೆಲ್ಲ ಕೆಳಗಿವೆ. ಮುಂದೆ ಓದಬೇಕು ಅಂತಿರುವವರು ಇಲ್ಲೇ ನಿಲ್ಲಿಸಿ.

ಹೊಸಬರಿಗೆ ಎರಡು ಮಾತು. ಅಮೆರಿಕದ ರಾಬರ್ಟ್ ಜೋರ್ಡನ್ ಬರೆದ ಇಂಗ್ಲಿಷ್ ಕಾದಂಬರಿ ಸರಣಿ. ಮೊದಲ ಸಂಪುಟ ಬಂದಿದ್ದು 1990ರಲ್ಲಿ, ಹದಿನಾಲ್ಕನೆಯದು 2013ರಲ್ಲಿ. ಇದಲ್ಲದೆ ಹಿಂದಿನ ಕಥೆ ಹೇಳುವ ಒಂದು ಸಣ್ಣ ಪುಸ್ತಕ ಬೇರೆ. ಎಲ್ಲ ಸೇರಿ ಸುಮಾರು 44 ಲಕ್ಷ ಪದ. ಯುಗಗಳು ಸುತ್ತಿ ಸುತ್ತಿ ಬರುತ್ತವೆ, ಸತ್ತ ವೀರ ಮತ್ತೆ ಹುಟ್ಟಿ ಬರ್ತಾನೆ ಅನ್ನೋದೇ ಕಥೆಯ ಬುಡ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಾನು ಓದೋದು ತುಮಕೂರು-ಬೆಂಗಳೂರು ರೈಲಿನಲ್ಲಿ. ದಿನಾ ಹೋಗಿ ಬರೋ ಪಾಸಿನವಳು. ಕ್ಯಾತ್ಸಂದ್ರ ದಾಟಿದ ಮೇಲೆ ಪುಸ್ತಕ ತೆಗೆದರೆ ಯಶವಂತಪುರದಲ್ಲಿ ಮುಚ್ಚೋದು. ಮೊದಲ ವಾರವೇ ಎದುರು ಸೀಟಿನ ಆಂಟಿ "ಏನಮ್ಮ, ಕೆಎಎಸ್‌ಗೆ ಓದ್ತಿದ್ದೀಯಾ?" ಅಂತ ಕೇಳಿದ್ದರು. ಇಲ್ಲ ಆಂಟಿ, ಕಥೆ ಪುಸ್ತಕ ಅಂದೆ. ಪುಸ್ತಕದ ದಪ್ಪ ನೋಡಿ ಅವರು ನಂಬಲಿಲ್ಲ.

ನಾಲ್ಕನೇ ಸಂಪುಟ. ಇಲ್ಲಿಯವರೆಗೆ ಇದೇ ನನಗೆ ಎಲ್ಲಕ್ಕಿಂತ ಇಷ್ಟ. ಇದನ್ನು ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡಿದ್ದೆ. ಕಥಾನಾಯಕ ರ‍್ಯಾಂಡ್ ಮರುಭೂಮಿಯ ರುಯ್ಡಿಯನ್ ಊರಿಗೆ ಹೋಗಿ ಗಾಜಿನ ಕಂಬಗಳ ನಡುವೆ ಕಾಲಿಡ್ತಾನೆ. ಹೆಜ್ಜೆ ಹೆಜ್ಜೆಗೂ ತನ್ನ ಪೂರ್ವಜರಲ್ಲಿ ಇನ್ನೂ ಹಿಂದಿನವನ ಕಣ್ಣಿಂದ ನೋಡ್ತಾನೆ. ಈಟಿ ಬಿಟ್ಟು ಬದುಕೇ ಇಲ್ಲ ಅನ್ನೋ ಜನ ಆ ಮರುಭೂಮಿಯವರು. ಅವರ ಹಿರಿಯರು ಮಾತ್ರ ಆಯುಧ ಮುಟ್ಟಲ್ಲ ಅಂತ ಆಣೆ ಮಾಡಿದವರು! ಅದು ಹೇಗೆ ಮುರಿಯಿತು ಅನ್ನೋದು ಹಿಮ್ಮುಖವಾಗಿ, ಮೊದಲು ಫಲ ಆಮೇಲೆ ಕಾರಣ ಅನ್ನೋ ಥರ ಬಿಚ್ಚಿಕೊಳ್ತಾ ಹೋಗುತ್ತೆ. ಸರಿಯಾಗಿ ಅಲ್ಲೇ ನನ್ನ ಪ್ರತಿಯಲ್ಲಿ ಒಂದು ಫಾರಂ ಪೂರ್ತಿ ಇರಲಿಲ್ಲ. ಹದಿನಾರು ಪುಟ ಮಾಯ! ನಿಡವಂದ ಹತ್ತಿರ ಸಿಗ್ನಲ್‌ಗೆ ರೈಲು ನಿಂತಿತ್ತು. ನಾನು ಪುಟ ಹಿಂದೆ ಮುಂದೆ ತಿರುವಿ ತಿರುವಿ ಹುಡುಕ್ತಾ ಕೂತಿದ್ದೆ. ಕೊನೆಗೆ ಅಷ್ಟಕ್ಕೋಸ್ಕರ ಫೋನಿಗೆ ಇನ್ನೊಂದು ಸಲ ದುಡ್ಡು ಕೊಟ್ಟು ತಗೊಂಡೆ.

ಐದು, ಆರು ಓಡಿದವು. ಆರರ ಕೊನೆಯ ಯುದ್ಧ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಏಳು ಪರವಾಗಿಲ್ಲ.

ಈ ಹೊತ್ತಿಗೆ ಹೆಸರುಗಳು ಕೈಮೀರಿದ್ದವು. ಐಸ್ ಸೆಡಾಯ್ ಅನ್ನೋ ಮಾಂತ್ರಿಕ ಹೆಂಗಸರಲ್ಲಿ ಏಳು ಪಂಗಡ, ಒಂದೊಂದಕ್ಕೆ ಒಂದೊಂದು ಬಣ್ಣ, ಶಾಲಿನ ಕುಚ್ಚೂ ಅದೇ ಬಣ್ಣದ್ದು. ಇನ್ನೂರು ಪುಟದ ನೋಟ್‌ಬುಕ್ ತಂದು ಕೆಂಪಿನವರನ್ನು ಕೆಂಪು ಪೆನ್ನಲ್ಲಿ, ನೀಲಿಯವರನ್ನು ನೀಲಿಯಲ್ಲಿ ಬರೆಯೋಕೆ ಶುರು ಮಾಡಿದೆ. ಬಿಳಿಯವರದ್ದೇ ಸಮಸ್ಯೆ. ಅವರೆಲ್ಲ ಪೆನ್ಸಿಲ್ಲಿನಲ್ಲಿದ್ದಾರೆ. ಬೂದು ಪಂಗಡದವರೂ ಪೆನ್ಸಿಲ್ಲೇ, ಕೆಳಗೊಂದು ಗೆರೆ. ನಾಯಕನ ಊರಿನವಳೇ ಆದ ನೈನೀವ್ ಸಿಟ್ಟು ಬಂದಾಗೆಲ್ಲ ಜಡೆ ಎಳೆದುಕೊಳ್ತಾಳಲ್ಲ, ಅದಕ್ಕೂ ಕೊನೆಯ ಪುಟದಲ್ಲಿ ಗೀಟು ಹಾಕ್ತಿದ್ದೆ, ಪುಟ ತುಂಬಿದ ಮೇಲೆ ಕೈಬಿಟ್ಟೆ.

ಎಂಟು, ಒಂಬತ್ತು, ಹತ್ತು. ಇಲ್ಲೇ ಜನ ಓದೋದು ಬಿಡ್ತಾರೆ, ಯಾಕೆ ಅಂತ ಈಗ ಗೊತ್ತಾಯ್ತು. ಏಳರ ಕೊನೆಗೆ ನಾಯಕನ ಗೆಳೆಯ ಮ್ಯಾಟ್ ಮೇಲೆ ಗೋಡೆ ಬೀಳುತ್ತೆ. ಎಂಟರಲ್ಲಿ ಅವನು ಎಲ್ಲೂ ಇಲ್ಲ. ಎಂಟರ ಕೊನೆಗೆ ಇನ್ನೊಬ್ಬ ಗೆಳೆಯ ಪೆರಿನ್ ಹೆಂಡತಿ ಫೈಲ್‌ಳನ್ನು ಹೊತ್ತುಕೊಂಡು ಹೋಗ್ತಾರೆ. ಬಾಯಿತಪ್ಪಿ ಇದನ್ನು ಆಂಟಿಗೆ ಹೇಳಿಬಿಟ್ಟೆ. ಅವತ್ತಿಂದ ದಿನಾ ಬೆಳಿಗ್ಗೆ ಕೂತ ತಕ್ಷಣ ಮೊದಲ ಪ್ರಶ್ನೆ: "ಸಿಕ್ಕಿದ್ಲಾ ಅವನ ಹೆಂಡ್ತಿ?"

ಇಲ್ಲ ಆಂಟಿ.

ಒಂಬತ್ತು ಮುಗೀತು. ಇಲ್ಲ ಆಂಟಿ. "ರಾಮ ಇಷ್ಟೊತ್ತಿಗೆ ಸೇತುವೆ ಕಟ್ಟಿ, ಯುದ್ಧ ಮಾಡಿ, ಅಯೋಧ್ಯೆಗೂ ಬಂದಿರ್ತಿದ್ದ" ಅಂದರು. ಹತ್ತನೆಯದಂತೂ ಕೇಳಬೇಡಿ. ಒಂಬತ್ತರ ಕೊನೆಗೆ ರ‍್ಯಾಂಡ್ ಒಂದು ಭಾರೀ ಕೆಲಸ ಮಾಡಿ ಮುಗಿಸಿರ್ತಾನೆ, ಹತ್ತರಲ್ಲಿ ಎಷ್ಟೋ ಅಧ್ಯಾಯಗಳವರೆಗೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಅದೇ ಹೊತ್ತಿಗೆ ತಮ್ಮ ತಮ್ಮ ಜಾಗದಿಂದ ದೂರಕ್ಕೆ ನೋಡಿ ಅದೇನಿರಬಹುದು ಅಂತ ಯೋಚನೆ ಮಾಡ್ತಾ ಕೂರ್ತಾರೆ. ಮಿಕ್ಕಿದ್ದು ಚಹಾ, ಹಿಮ, ಬಟ್ಟೆಯ ಕಸೂತಿ. ಸಾರಾಂಶ ಓದಿ ಮುಂದೆ ಹೋಗು ಅಂತ ಗೆಳತಿ ಹೇಳಿದಳು. ನಾನು ಹಟಕ್ಕೆ ಬಿದ್ದು ಆಡಿಯೋ ಹಾಕಿಕೊಂಡು ಪಾತ್ರೆ ತೊಳೀತಾ ಕೇಳಿದೆ. ಮೈಕಲ್ ಕ್ರೇಮರ್, ಕೇಟ್ ರೀಡಿಂಗ್ ಅಂತ ಗಂಡ ಹೆಂಡತಿ ಓದಿದ್ದಾರೆ. ಗಂಡಸರ ಕಣ್ಣಿಂದ ಕಥೆ ನಡೆದರೆ ಅವರು, ಹೆಂಗಸರ ಕಣ್ಣಿಂದಾದರೆ ಇವರು. ಪಾತ್ರೆ ಇಲ್ಲದೆ ಆ ಸಂಪುಟ ದಾಟೋದು ಕಷ್ಟವಿತ್ತು.

ಹನ್ನೊಂದರಲ್ಲಿ ಫೈಲ್ ಸಿಕ್ಕಳು. ಎಂಟನೆಯದು 1998ರದ್ದು, ಹನ್ನೊಂದನೆಯದು 2005ರದ್ದು. ಬಂದ ಬಂದ ಹಾಗೆ ಕೊಂಡು ಓದಿದವರು ಅವಳಿಗೋಸ್ಕರ 7 ವರ್ಷ ಕಾದಿದ್ದಾರೆ. ನಾನು ಕೆಲವು ತಿಂಗಳಿಗೇ ಇಷ್ಟು ಗೊಣಗಿದೆ. ಬೋಗಿಯಲ್ಲಿ ಆಂಟಿಗೆ ಹೇಳಿದಾಗ ಪಕ್ಕದ ಸೀಟಿನವರೂ "ಸದ್ಯ" ಅಂದರು.

ಜೋರ್ಡನ್ ಬದುಕಿದ್ದಾಗ ಬಂದ ಕೊನೆಯ ಸಂಪುಟ ಅದೇ. ಹೃದಯದ ಅಪರೂಪದ ಕಾಯಿಲೆಯಿಂದ 2007ರ ಸೆಪ್ಟೆಂಬರ್ 16ರಂದು ತೀರಿಕೊಂಡರು, 58 ವರ್ಷಕ್ಕೆ. ಅವರ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್, ಸರಣಿಯ ಸಂಪಾದಕಿಯೂ ಅವರೇ, ಕಥೆ ಮುಗಿಸೋಕೆ ಲೇಖಕ ಬ್ರ್ಯಾಂಡನ್ ಸ್ಯಾಂಡರ್‌ಸನ್ ಅವರನ್ನು ಆರಿಸಿ ಟಿಪ್ಪಣಿಗಳನ್ನೆಲ್ಲ ಕೊಟ್ಟರು. ಒಂದೇ ಸಂಪುಟದಲ್ಲಿ ಮುಗಿಯಬೇಕಿದ್ದದ್ದು ಮೂರಾಯಿತು.

ಹನ್ನೆರಡನೆಯದು, 2009ರದ್ದು, ಅವುಗಳಲ್ಲಿ ಮೊದಲನೆಯದು. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ನಾಯಕನ ಊರಿನ ಹುಡುಗಿ ಎಗ್ವೀನ್ ಐಸ್ ಸೆಡಾಯ್ ಹೆಂಗಸರ ನೆಲೆಯಾದ ಬಿಳಿ ಗೋಪುರದಲ್ಲಿ ಸೆರೆಯಾಳಾಗಿದ್ದುಕೊಂಡೇ ಎಲ್ಲರನ್ನೂ ಬಗ್ಗಿಸೋದನ್ನು ಓದ್ತಾ ನಾನು ಯಶವಂತಪುರದಲ್ಲಿ ಇಳಿಯೋದನ್ನೇ ಮರೆತೆ. ಕಥೆ ಓಡುತ್ತೆ. ಆದರೆ ಮ್ಯಾಟ್ ಬಾಯಿ ತೆರೆದಾಗ ಬೇರೆ ಯಾರೋ ಅವನ ಅಂಗಿ ಹಾಕಿಕೊಂಡು ಬಂದ ಹಾಗಿದೆ, ಜೋಕ್ ಮಾಡ್ತಿದ್ದೀನಿ ನೋಡಿ ಅಂತ ಗೊತ್ತಾಗೋ ಜೋಕುಗಳು. ಇನ್ನೊಂದು, ಕಸೂತಿ ಕಡಿಮೆಯಾಗಿದೆ. ಯಾರು ಯಾವ ರೇಷ್ಮೆ ಉಟ್ಟಿದ್ದಾರೆ ಅಂತ ಅರ್ಧ ಪುಟ ಹೇಳೋರು ಈಗ ಇಲ್ಲ. ಮೂರು ಸಂಪುಟ ಅದನ್ನೇ ಬೈದುಕೊಂಡು ಓದಿದವಳು ನಾನು. ಮೊನ್ನೆ ಒಬ್ಬಳು ಹೊಸಬಳು ಕಥೆಯೊಳಗೆ ಬಂದಾಗ, ಅವಳ ಬಟ್ಟೆ ಯಾವುದು ಅಂತ ಪುಟ ಹಿಂದಕ್ಕೆ ತಿರುಗಿಸಿ ಹುಡುಕಿದೆ. ಇರಲಿಲ್ಲ.

ಇವತ್ತು ಬೆಳಿಗ್ಗೆ ಹದಿಮೂರನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಆಂಟಿ ಮಡಿಲಲ್ಲಿ ಅವರೆಕಾಯಿ ಸುಲೀತಾ ಕೂತಿದ್ದರು.

"ಬರೆದೋರು ತೀರಿಕೊಂಡ್ರು ಅಂದಿದ್ದೆ?"

"ಹೂಂ ಆಂಟಿ, ಇದನ್ನ ಬೇರೆಯೋರು ಮುಗಿಸಿದ್ದಾರೆ."

"ಮತ್ತೆ ಕೊನೇಲಿ ಏನಾಗುತ್ತೆ ಅಂತ ಅವರಿಗೆ ಹೆಂಗೆ ಗೊತ್ತು?"

"ಕೊನೇದನ್ನ ಮೊದಲೋರೇ ಬರೆದಿಟ್ಟು ಹೋಗಿದ್ರಂತೆ."

"ಹಂಗಾದ್ರೆ ಸರಿ, ಓದು" ಅಂದರು. ಒಂದು ಹಿಡಿ ಕಾಯಿ ನನ್ನ ಕಡೆಗೂ ತಳ್ಳಿದರು.